ಲೊಕೇಲ್ ಹೆಸರು ಒಂದೊಂದು ಸಿಸ್ಟಮ್‌ನಲ್ಲಿ ಒಂದೊಂದು ಥರ: ಯಾವ ದಾರಿ ಹಿಡಿಯಬೇಕು?

ಕೊಡಗಿನಲ್ಲಿ ಕಾಫಿ ಮಂಡಿಗೋ, ಕ್ಯೂರಿಂಗ್ ಘಟಕಕ್ಕೋ, ಹೋಮ್‌ಸ್ಟೇಗೋ ಒಂದು ಸಾಫ್ಟ್‌ವೇರ್ ಬರೆದರೆ ಅದು ಒಂದೇ ಥರದ ಕಂಪ್ಯೂಟರಿನಲ್ಲಿ ಓಡುವುದಿಲ್ಲ. ಕೌಂಟರಿನಲ್ಲಿ ವಿಂಡೋಸ್ ಇರುತ್ತದೆ. ಮಾಲೀಕರ ಹತ್ತಿರ ಮ್ಯಾಕ್ ಇರಬಹುದು. ಸರ್ವರ್ ಅಂತೂ ಲಿನಕ್ಸೇ. ಬೆಳೆಗಾರರು ನೋಡುವುದು ಆಂಡ್ರಾಯ್ಡ್ ಫೋನಿನಲ್ಲಿ. ಭಾಷೆ, ದೇಶ ನೋಡಿ ಅಂಕಿ, ದಿನಾಂಕ, ಅಕಾರಾದಿ ಹೇಗಿರಬೇಕು ಎಂದು ಹೇಳುವ ಸೆಟ್ಟಿಂಗಿಗೆ ಲೊಕೇಲ್ ಎನ್ನುತ್ತಾರೆ. ಈ ನಾಲ್ಕಕ್ಕೂ ‘ಕನ್ನಡ, ಭಾರತ’ ಅಂದರೆ ಏನು ಎಂದು ಗೊತ್ತು. ಆದರೆ ಅದಕ್ಕೆ ನಾಲ್ಕೂ ಬೇರೆ ಬೇರೆ ಹೆಸರು ಇಟ್ಟುಕೊಂಡಿವೆ.

ಇದರಿಂದ ಏನಾಗುತ್ತದೆ ನೋಡಿ. ಹನ್ನೆರಡೂವರೆ ಲಕ್ಷ ರೂಪಾಯಿಯ ರೊಬಸ್ಟಾ ಚೆರಿ ಬಿಲ್ ಇದೆ ಅಂದುಕೊಳ್ಳಿ. ಕೌಂಟರಿನ ಪರದೆಯಲ್ಲಿ 12,50,000.00 ಎಂದು ಸರಿಯಾಗಿ ಕಾಣುತ್ತದೆ. ಅದೇ ಬಿಲ್ ಸರ್ವರಿನಿಂದ ಪಿಡಿಎಫ್ ಆಗಿ ಬಂದಾಗ 1250000.00 ಆಗಿರುತ್ತದೆ. ಲೆಕ್ಕ ತಪ್ಪಿಲ್ಲ, ಆದರೆ ಕಾಮಾ ಇಲ್ಲ, ಬೆಳೆಗಾರರು ಸೊನ್ನೆ ಎಣಿಸುತ್ತಾ ಕೂರಬೇಕು. ಕಾರಣ ಚಿಕ್ಕದು. ವಿಂಡೋಸ್ ಹೆಸರನ್ನು ಲಿನಕ್ಸ್‌ಗೆ ಕೊಟ್ಟಿದ್ದಾರೆ. ಸಿ ಭಾಷೆಯ ಸೆಟ್‌ಲೊಕೇಲ್ ಫಂಕ್ಷನ್‌ಗೆ ಗೊತ್ತಿಲ್ಲದ ಹೆಸರು ಕೊಟ್ಟರೆ ಅದು ಕೂಗಾಡುವುದಿಲ್ಲ. ಸುಮ್ನೆ ನಲ್ (‘ಏನೂ ಇಲ್ಲ’ ಎಂಬ ಉತ್ತರ) ಕೊಟ್ಟು, ಮೊದಲಿದ್ದ, ಯಾವ ಭಾಷೆಯದೂ ಅಲ್ಲದ ‘ಸಿ’ ಲೊಕೇಲ್‌ನಲ್ಲೇ ಉಳಿದುಬಿಡುತ್ತದೆ. ಆ ಉತ್ತರವನ್ನು ಕೋಡ್ ಪರೀಕ್ಷಿಸದಿದ್ದರೆ ತಪ್ಪು ಯಾರ ಕಣ್ಣಿಗೂ ಬೀಳದೆ ಗ್ರಾಹಕರ ಕೈಗೆ ಹೋಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೋಡುಗಳನ್ನು ಇಲ್ಲಿ ಅಕ್ಷರ ಅಕ್ಷರವಾಗಿ ಕನ್ನಡದಲ್ಲಿ ಬರೆದಿದ್ದೇನೆ. ಕಂಪ್ಯೂಟರಿಗೆ ಕೊಡುವಾಗ ಅವೇ ಇಂಗ್ಲಿಷ್ ಅಕ್ಷರಗಳನ್ನು ಹಾಕಿಕೊಳ್ಳಿ. ಭಾಷೆಯ ಕೋಡ್ ಸಣ್ಣ ಅಕ್ಷರದಲ್ಲಿ, ದೇಶದ ಕೋಡ್ ದೊಡ್ಡ ಅಕ್ಷರದಲ್ಲಿ ಬರೆಯುವುದು ರೂಢಿ.

ಯಾರು ಏನೆಂದು ಕರೆಯುತ್ತಾರೆ

ಲಿನಕ್ಸ್‌ನಲ್ಲಿ ‘ಕೆಎನ್_ಐಎನ್.ಯುಟಿಎಫ್-8’. ಭಾಷೆ, ಕೆಳಗೆರೆ, ದೇಶ, ಚುಕ್ಕಿ, ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ). ಆದರೆ ಇರುವ ಲೊಕೇಲ್‌ಗಳ ಪಟ್ಟಿಯನ್ನು ‘ಲೊಕೇಲ್ -ಎ’ ಎಂದು ಕೇಳಿದರೆ ಅದೇ ಲಿನಕ್ಸ್ ‘ಕೆಎನ್_ಐಎನ್.ಯುಟಿಎಫ್8’ ಎಂದು, ನಡುವಿನ ಅಡ್ಡಗೆರೆ ತೆಗೆದು ತೋರಿಸುತ್ತದೆ. ಎರಡೂ ಒಂದೇ. ಲಿನಕ್ಸ್‌ನ ಮೂಲ ಲೈಬ್ರರಿಯಾದ ಗ್ಲಿಬ್‌ಸಿ ಎರಡನ್ನೂ ಒಪ್ಪುತ್ತದೆ. ಆದರೆ ನಿಮ್ಮ ಕೋಡ್ ಆ ಪಟ್ಟಿಯಲ್ಲಿ ಹೆಸರು ಇದೆಯೇ ಎಂದು ಅಕ್ಷರಶಃ ಹೋಲಿಸಿ ನೋಡಿದರೆ ‘ಇಲ್ಲ’ ಎಂಬ ಉತ್ತರ ಬರುತ್ತದೆ.

ಈಗಿನ ವಿಂಡೋಸ್‌ನಲ್ಲಿ ‘ಕೆಎನ್-ಐಎನ್’. ಕೆಳಗೆರೆ ಹೋಗಿ ಅಡ್ಡಗೆರೆ ಬಂತು. ಈ ಪದ್ಧತಿ ವಿಸ್ಟಾದಿಂದ ಶುರುವಾಯಿತು. ಅದಕ್ಕೂ ಹಳೆಯದು ಎರಡಿವೆ, ಎರಡೂ ಇನ್ನೂ ಬದುಕಿವೆ. ಒಂದು ನಂಬರ್: ಕನ್ನಡಕ್ಕೆ 1099, ಭಾರತದ ಇಂಗ್ಲಿಷ್‌ಗೆ 16393. ಇನ್ನೊಂದು ‘ಇಂಗ್ಲಿಷ್_ಇಂಡಿಯಾ.1252’ ಎಂಬಂತಹ ಉದ್ದ ಹೆಸರು.

ಮ್ಯಾಕ್ ಮತ್ತು ಐಫೋನಿನಲ್ಲಿ ಲೊಕೇಲ್ ಕೇಳಿದರೆ ‘ಕೆಎನ್_ಐಎನ್’, ಬಳಕೆದಾರರ ಭಾಷೆಗಳ ಪಟ್ಟಿ ಕೇಳಿದರೆ ‘ಕೆಎನ್-ಐಎನ್’. ಒಂದೇ ಯಂತ್ರ, ಎರಡು ಬರವಣಿಗೆ. ಆಂಡ್ರಾಯ್ಡ್ ಅನುವಾದಗಳ ಫೋಲ್ಡರಿಗೆ ‘ವ್ಯಾಲ್ಯೂಸ್-ಕೆಎನ್-ಆರ್‌ಐಎನ್’ ಎಂದು ಹೆಸರು ಕೊಡಬೇಕು, ದೇಶದ ಮುಂದೆ ಒಂದು ‘ಆರ್’. ಜಾವಾದಲ್ಲಿ ಲೊಕೇಲ್‌ಅನ್ನು ನೇರ ಮುದ್ರಿಸಿದರೆ ಕೆಳಗೆರೆ ಬರುತ್ತದೆ. ‘ಟುಲ್ಯಾಂಗ್ವೇಜ್‌ಟ್ಯಾಗ್’ ಕರೆದರೆ ಅಡ್ಡಗೆರೆ.

ಈಗ ಆಯ್ಕೆಗಳಿಗೆ ಬರೋಣ.

ಸಿಸ್ಟಮ್ ಕೊಟ್ಟ ಹೆಸರನ್ನೇ ಇಟ್ಟುಕೊಳ್ಳುವುದು

ಹೊಸದಾಗಿ ಶುರು ಮಾಡುವವರು ಜಾಸ್ತಿ ಹಿಡಿಯುವ ದಾರಿ ಇದು. ಸಿಸ್ಟಮ್‌ಅನ್ನು ಕೇಳು, ಬಂದ ಹೆಸರನ್ನು ಹಾಗೇ ಡೇಟಾಬೇಸಿನಲ್ಲಿ ಬರೆ, ಬೇಕಾದಾಗ ವಾಪಸ್ ಕೊಡು. ಪ್ರೋಗ್ರಾಮ್ ಒಂದೇ ಕಂಪ್ಯೂಟರಿನಲ್ಲಿ ಹುಟ್ಟಿ ಅಲ್ಲೇ ಮುಗಿಯುವುದಾದರೆ ಇದು ಸಾಕು. ಮಂಡಿಯ ಒಂದು ಪಿಸಿಯಲ್ಲಿ ತೂಕದ ಚೀಟಿ ಮುದ್ರಿಸುವ ಕೆಲಸ ಅಷ್ಟೇ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಡೇಟಾ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋದ ದಿನ ತೊಂದರೆ ಬರುತ್ತದೆ. ಕುಶಾಲನಗರದ ಕೈಗಾರಿಕಾ ಪ್ರದೇಶದ ಒಂದು ಘಟಕದಲ್ಲಿ ವಿಂಡೋಸ್ ಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದೆ ಅಂದುಕೊಳ್ಳಿ. ಅದನ್ನು ಬ್ಯಾಕಪ್ ತೆಗೆದು ಕ್ಲೌಡ್‌ನಲ್ಲಿರುವ ಲಿನಕ್ಸ್‌ಗೆ ಸಾಗಿಸಬೇಕು. ಬ್ಯಾಕಪ್ ಫೈಲಿನಲ್ಲಿ ಡೇಟಾಬೇಸ್ ಸೃಷ್ಟಿಸುವ ಸಾಲಿನೊಳಗೆ ‘ಇಂಗ್ಲಿಷ್_ಇಂಡಿಯಾ.1252’ ಎಂದು ಕೂತಿರುತ್ತದೆ. ಲಿನಕ್ಸ್ ಅದನ್ನು ಓದಿ ‘ಲೊಕೇಲ್ ಹೆಸರು ತಪ್ಪು’ ಎಂದು ನಿಲ್ಲಿಸಿಬಿಡುತ್ತದೆ. ಪರಿಹಾರ ಕಷ್ಟವೇನಲ್ಲ. ಯುಟಿಎಫ್-8 ಇರುವ ಖಾಲಿ ಡೇಟಾಬೇಸ್‌ಅನ್ನು ಲಿನಕ್ಸ್‌ನಲ್ಲಿ ಮೊದಲೇ ಮಾಡಿಕೊಂಡು, ಸೃಷ್ಟಿಯ ಸಾಲು ಇಲ್ಲದ ಬ್ಯಾಕಪ್ ಅದರೊಳಗೆ ಸುರಿಯಬೇಕು. ಆದರೆ ಇದು ಗೊತ್ತಿಲ್ಲದೆ ಕೊಯ್ಲಿನ ಸಮಯದಲ್ಲಿ ಸರ್ವರ್ ಬದಲಿಸಲು ಹೊರಟವರ ಪಾಡು ಬೇಡ.

ಆ ಉದ್ದ ಹೆಸರುಗಳ ಇನ್ನೊಂದು ದೋಷ, ಅವು ಜನರಿಗೆ ತೋರಿಸಲು ಇಟ್ಟ ಹೆಸರುಗಳು. ದೇಶ ತನ್ನ ಹೆಸರು ಬದಲಿಸಿದರೆ ಇವೂ ಬದಲಾಗುತ್ತವೆ. 2022ರಲ್ಲಿ ಟರ್ಕಿ ತನ್ನನ್ನು ತುರ್ಕಿಯೆ ಎಂದೇ ಕರೆಯಬೇಕು ಎಂದು ವಿಶ್ವಸಂಸ್ಥೆಯಲ್ಲಿ ಹೆಸರು ಬದಲಿಸಿಕೊಂಡಿತು. ಆಮೇಲೆ ವಿಂಡೋಸ್ ಅಪ್‌ಡೇಟ್ ಒಂದರಲ್ಲಿ ಲೊಕೇಲ್‌ನ ಹೆಸರೂ ಬದಲಾಯಿತು. ಹಳೆಯ ಹೆಸರನ್ನು ಬರೆದಿಟ್ಟುಕೊಂಡಿದ್ದ ಪೋಸ್ಟ್‌ಗ್ರೆಸ್ ಡೇಟಾಬೇಸುಗಳು ಮರುದಿನ ಶುರುವೇ ಆಗಲಿಲ್ಲ. ಹೀಗಾಗಿ ಈ ರೂಪವನ್ನು ಎಲ್ಲೂ ಬರೆದಿಡಬೇಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಂಬರ್ ಇಟ್ಟುಕೊಳ್ಳುವುದು

1099 ಚಿಕ್ಕದು, ಬದಲಾಗುವುದಿಲ್ಲ, ನಿಜ. ಹಳೆಯ ಎಕ್ಸೆಲ್ ಮ್ಯಾಕ್ರೋ, ಹಳೆಯ ವಿಂಡೋಸ್ ಲೈಬ್ರರಿಗಳ ಜೊತೆ ಮಾತಾಡಲು ಇದು ಬೇಕಾಗಬಹುದು. ಆದರೆ ವಿಂಡೋಸ್ ಹೊರಗೆ ಇದಕ್ಕೆ ಅರ್ಥವಿಲ್ಲ. ಹೊಸ ಭಾಷೆಗಳಿಗೆ ನಂಬರ್ ಕೊಡುವುದೂ ನಿಂತಿದೆ. ನಂಬರ್ ಇಲ್ಲದ ಭಾಷೆಗಳಿಗೆಲ್ಲ 4096 ಎಂಬ ಒಂದೇ ನಂಬರ್ ಬರುತ್ತದೆ. ಹೊಸ ಕೆಲಸಕ್ಕೆ ಇದು ಬೇಡ.

ಕೈಯಾರೆ ಪಟ್ಟಿ ಬರೆಯುವುದು

ಒಂದು ಚಿಕ್ಕ ಪಟ್ಟಿ: ಎಡಕ್ಕೆ ನಿಮ್ಮ ಆ್ಯಪ್‌ನ ಹೆಸರು, ಬಲಕ್ಕೆ ಲಿನಕ್ಸ್, ವಿಂಡೋಸ್, ಮ್ಯಾಕ್ ಹೆಸರುಗಳು. ಕನ್ನಡ, ಇಂಗ್ಲಿಷ್, ಮಲಯಾಳಂ, ಹಿಂದಿ. ಹೆಚ್ಚಿನ ಹೋಮ್‌ಸ್ಟೇ ಬುಕಿಂಗ್‌ಗೆ ಇಷ್ಟೇ ಸಾಕಲ್ವಾ? ಸಾಕು. ಇದನ್ನು ಕೀಳಾಗಿ ನೋಡುವವರ ಜೊತೆ ನಾನು ಒಪ್ಪುವುದಿಲ್ಲ. ಐದಾರು ಸಾಲಿನ ಪಟ್ಟಿಯನ್ನು ಯಾರು ಬೇಕಾದರೂ ಓದಿ ಅರ್ಥ ಮಾಡಿಕೊಳ್ಳಬಹುದು, ಲೈಬ್ರರಿಯ ಹೊರೆಯೂ ಇಲ್ಲ.

ಭಾಷೆಗಳು ಹೆಚ್ಚಾದಾಗ ಇದು ಸಾಲದು. ಲಿಪಿ ಬೇರೆಯಾಗುವ ಭಾಷೆಗಳು ಬಂದರೆ ಇನ್ನೂ ಕಷ್ಟ. ದೇವನಾಗರಿಯಲ್ಲಿ ಬರೆಯುವ ಸಿಂಧಿಗೆ ಲಿನಕ್ಸ್‌ನಲ್ಲಿ ದೇಶದ ಕೋಡ್ ಆದಮೇಲೆ ‘@ದೇವನಾಗರಿ’ ಎಂದು ಅಂಟಿಸುತ್ತಾರೆ. ಬೇರೆ ಕಡೆ ಭಾಷೆ ಮತ್ತು ದೇಶದ ನಡುವೆ ‘ಡೇವ’ ಎಂಬ ನಾಲ್ಕಕ್ಷರದ ಲಿಪಿ ಕೋಡ್ ಬರುತ್ತದೆ. ಒಂದರಲ್ಲಿ ಕೊನೆಗೆ, ಇನ್ನೊಂದರಲ್ಲಿ ಮಧ್ಯದಲ್ಲಿ. ಸುಮ್ನೆ ಕೆಳಗೆರೆಯನ್ನು ಅಡ್ಡಗೆರೆ ಮಾಡಿದರೆ ಇದು ಸರಿಹೋಗುವುದಿಲ್ಲ.

ಎಲ್ಲ ಕಡೆ ‘ಸಿ.ಯುಟಿಎಫ್-8’ ಹಾಕಿ ಮರೆತುಬಿಡುವುದು

ಕಂಟೈನರುಗಳಲ್ಲಿ (ಪ್ರೋಗ್ರಾಮ್ ಜೊತೆ ಅದಕ್ಕೆ ಬೇಕಾದ್ದನ್ನೆಲ್ಲ ಕಟ್ಟಿಕೊಟ್ಟ ಪೆಟ್ಟಿಗೆ) ಕೆಲಸ ಮಾಡುವವರ ಅಚ್ಚುಮೆಚ್ಚಿನ ದಾರಿ. ಇದು ಯಾವ ಭಾಷೆಯೂ ಅಲ್ಲ, ಆದರೆ ಕನ್ನಡ ಅಕ್ಷರ ಒಡೆಯುವುದಿಲ್ಲ. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ಮೊದಲೇ ಇತ್ತು. ಮೂಲ ಗ್ಲಿಬ್‌ಸಿಗೆ 2022ರಲ್ಲಿ 2.35ನೇ ಆವೃತ್ತಿಯಲ್ಲಿ ಬಂತು. ಡೆಬಿಯನ್‌ನ ಡಾಕರ್ ಇಮೇಜಿನಲ್ಲಿ (ಕಂಟೈನರಿನ ಅಚ್ಚು) ಕನ್ನಡ ಲೊಕೇಲ್ ಇರುವುದೇ ಇಲ್ಲ, ಇದು ಇರುತ್ತದೆ. ಆಲ್ಪೈನ್ ಎಂಬ ಲಿನಕ್ಸ್‌ನ ಇಮೇಜಿನಲ್ಲಿ ಗ್ಲಿಬ್‌ಸಿ ಬದಲಿಗೆ ಇರುವ ಮಸಲ್ ಲೈಬ್ರರಿ ಇನ್ನೊಂದು ಥರ. ಅದಕ್ಕೆ ‘ಕೆಎನ್_ಐಎನ್’ ಕೊಟ್ಟರೂ ಹ್ಞೂಂ ಅನ್ನುತ್ತದೆ, ಒಳಗೆ ನಡೆಯುವುದು ಮಾತ್ರ ‘ಸಿ.ಯುಟಿಎಫ್-8’. ಅಂದರೆ ಹೆಸರು ಒಪ್ಪಿದ್ದೇ ಸಾಕ್ಷಿ ಎಂದು ನಂಬಬೇಡಿ, 12,50,000 ಎಂದು ಬಂತೇ ಎಂದು ಮುದ್ರಿಸಿ ನೋಡಿ.

ಸರ್ವರಿನ ಒಳಕೆಲಸಕ್ಕೆ ಈ ದಾರಿ ನನಗೆ ಇಷ್ಟ. ಲಾಗ್, ಸಿಎಸ್‌ವಿ, ಬ್ಯಾಂಕಿಗೆ ಕಳಿಸುವ ಫೈಲು, ಇವು ಯಾವತ್ತೂ ಭಾಷೆ ನೋಡಿ ಬದಲಾಗಬಾರದು. ನಮ್ಮ ಕಾಫಿ ಇಟಲಿಗೆ, ಜರ್ಮನಿಗೆ ಹೋಗುತ್ತದೆ. ಅಲ್ಲಿ ದಶಮಾಂಶಕ್ಕೆ ಕಾಮಾ, ಸಾವಿರಕ್ಕೆ ಚುಕ್ಕಿ. ಅಲ್ಲಿನ ಲೊಕೇಲ್‌ನಲ್ಲಿ ಓಡುವ ಯಂತ್ರ ಬರೆದ ಸಿಎಸ್‌ವಿಯಲ್ಲಿ 1.250 ಎಂದಿದ್ದರೆ ಅದು ಒಂದೂಕಾಲು ಟನ್ನೋ, 1250 ಟನ್ನೋ? ಫೈಲಿನಲ್ಲಿ ಲೊಕೇಲ್ ಬೇಡ, ಪರದೆಯಲ್ಲಿ ಮಾತ್ರ ಬೇಕು.

ಪರದೆಯ ಕೆಲಸವನ್ನು ಯಾರಾದರೂ ಮಾಡಲೇಬೇಕಲ್ಲ. ಅದಕ್ಕೆ ಮುಂದಿನ ದಾರಿ.

ಒಳಗೆ ಒಂದೇ ಹೆಸರು, ಗಡಿಯಲ್ಲಿ ಬದಲಾವಣೆ

ನಾನು ಹೇಳುವುದು ಇದನ್ನೇ. ಆ್ಯಪ್‌ನ ಒಳಗೆ, ಡೇಟಾಬೇಸಿನಲ್ಲಿ, ಎಪಿಐನಲ್ಲಿ ಎಲ್ಲ ಕಡೆ ಬಿಸಿಪಿ 47 ಎಂಬ ಇಂಟರ್ನೆಟ್ ಮಾನದಂಡದ ಭಾಷಾ ಟ್ಯಾಗ್ ಒಂದೇ ಇರಲಿ: ‘ಕೆಎನ್-ಐಎನ್’. ಸಿಸ್ಟಮ್‌ನಿಂದ ಒಳಗೆ ಬರುವ ಜಾಗದಲ್ಲಿ ಒಂದು ಫಂಕ್ಷನ್, ಹೊರಗೆ ಹೋಗುವ ಜಾಗದಲ್ಲಿ ಒಂದು ಫಂಕ್ಷನ್. ಬೇರೆಲ್ಲೂ ಬದಲಾವಣೆ ಬೇಡ.

ಬೇರೆ ರೂಪಗಳನ್ನು ಬಿಟ್ಟು ಇದನ್ನೇ ಯಾಕೆ? 2009ರ ಆರ್‌ಎಫ್‌ಸಿ 5646ರಲ್ಲಿ ಇದರ ನಿಯಮ ಬರೆದಿಟ್ಟಿದ್ದಾರೆ. ಬ್ರೌಸರ್ ಇದನ್ನೇ ಕಳಿಸುತ್ತದೆ, ಎಚ್‌ಟಿಎಂಎಲ್ ಇದನ್ನೇ ಕೇಳುತ್ತದೆ, ಈಗಿನ ವಿಂಡೋಸ್ ಇದನ್ನೇ ಒಪ್ಪುತ್ತದೆ, ಜಾವಾ 7ರಿಂದ ಇದೆ. ಎಲ್ಲಕ್ಕಿಂತ ಮುಖ್ಯ, ಇದರಲ್ಲಿ ಎನ್‌ಕೋಡಿಂಗ್ ಸೇರಿಲ್ಲ. ಯುಟಿಎಫ್-8 ಎನ್ನುವುದು ಫೈಲಿನ ವಿಷಯ, ಬೆಳೆಗಾರರ ಭಾಷೆಯ ವಿಷಯ ಅಲ್ಲ. ಲಿನಕ್ಸ್ ಹೆಸರು ಎರಡನ್ನೂ ಒಟ್ಟಿಗೆ ಕಟ್ಟಿರುವುದೇ ಅರ್ಧ ಗೊಂದಲದ ಮೂಲ.

ಒಳಬರುವ ಫಂಕ್ಷನ್ ಮಾಡಬೇಕಾದ ಕೆಲಸ ಹೀಗೆ. ಚುಕ್ಕಿಯಿಂದ ಆಚೆಯ ಎನ್‌ಕೋಡಿಂಗ್ ತೆಗೆದುಹಾಕು. ‘@’ ಆದಮೇಲೆ ಇರುವುದು ಲಿಪಿಯ ಹೆಸರಾಗಿದ್ದರೆ ಅದರ ಕೋಡ್‌ಅನ್ನು ಮಧ್ಯಕ್ಕೆ ತಾ. ಕೆಳಗೆರೆಯನ್ನು ಅಡ್ಡಗೆರೆ ಮಾಡು. ಅಕ್ಷರದ ಗಾತ್ರ ಸರಿ ಮಾಡು. ಟ್ಯಾಗ್‌ನಲ್ಲಿ ಸಣ್ಣದು ದೊಡ್ಡದು ಒಂದೇ ಆದರೂ ಲಿನಕ್ಸ್ ಫೋಲ್ಡರಿಗೆ ಒಂದೇ ಅಲ್ಲ. ‘ಸಿ’ ಅಥವಾ ‘ಪಾಸಿಕ್ಸ್’ ಬಂದರೆ ಅದು ಭಾಷೆಯಲ್ಲ, ನಿಮ್ಮ ಡೀಫಾಲ್ಟ್ ಹಾಕಿಕೋ. ಇಷ್ಟನ್ನು ನೀವೇ ಬರೆಯಬಹುದು, ಆದರೆ ಬರೆಯಬೇಕಾಗಿಲ್ಲ. ಐಸಿಯು ಎಂಬ ಯೂನಿಕೋಡ್ ಲೈಬ್ರರಿಯಲ್ಲಿ ಟ್ಯಾಗ್‌ನಿಂದ ಲೊಕೇಲ್‌ಗೆ, ಲೊಕೇಲ್‌ನಿಂದ ಟ್ಯಾಗ್‌ಗೆ ಎರಡೂ ಕಡೆ ಫಂಕ್ಷನ್ ಇವೆ. ಪೈಥಾನ್‌ನವರು ಬೇಬಲ್ ಎಂಬ ಲೈಬ್ರರಿ ಬಳಸಬಹುದು.

ಹೊರಗೆ ಹೋಗುವಾಗ ಎಲ್ಲಿ ಎಡವುತ್ತಾರೆ ಎಂಬುದಕ್ಕೆ ಒಂದು ಉದಾಹರಣೆ. ಸರ್ವರ್ ತನ್ನ ಲಿನಕ್ಸ್ ಹೆಸರು ‘ಕೆಎನ್_ಐಎನ್’ ಅನ್ನು ಹಾಗೇ ವೆಬ್ ಪುಟಕ್ಕೆ ಕಳಿಸುತ್ತದೆ. ಜಾವಾಸ್ಕ್ರಿಪ್ಟ್ ಅದನ್ನು ತನ್ನ ಲೊಕೇಲ್ ಕೆಲಸದ ಭಾಗವಾದ ಇಂಟ್ಲ್‌ಗೆ ಕೊಡುತ್ತದೆ. ಅದು ರೇಂಜ್‌ಎರರ್ ಎಂಬ ದೋಷ ಎಸೆಯುತ್ತದೆ, ಅದನ್ನು ಹಿಡಿಯುವ ಕೋಡ್ ಇಲ್ಲದಿದ್ದರೆ ಪುಟ ಅರ್ಧಕ್ಕೇ ನಿಲ್ಲುತ್ತದೆ. ಒಂದು ಕೆಳಗೆರೆಗಾಗಿ! ಅದೇ ‘ಕೆಎನ್-ಐಎನ್’ ಕೊಟ್ಟರೆ ಈ ತೊಂದರೆ ಇಲ್ಲ. ಕನ್ನಡ ಅಂಕಿ ಬೇಕಿದ್ದರೆ ಟ್ಯಾಗ್‌ನ ಕೊನೆಗೆ ‘-ಯು-ಎನ್‌ಯು-ಕೆಎನ್‌ಡಿಎ’ ಸೇರಿಸಿದರೆ ೧, ೨, ೫ ಎಂದು ಬರುತ್ತದೆ. ಇಂತಹ ಅನುಕೂಲ ಲಿನಕ್ಸ್ ಹೆಸರಿನಲ್ಲಿ ಇಲ್ಲ.

ಹೆಸರು ಬದಲಿಸಲು ಮಾತ್ರ ಐಸಿಯು ತರಬೇಕೇ, ಅಥವಾ ಅಂಕಿ, ದಿನಾಂಕ, ಅಕಾರಾದಿ ಎಲ್ಲವನ್ನೂ ಅದಕ್ಕೇ ಬಿಡಬೇಕೇ? ಬಿಟ್ಟುಬಿಡಿ ಎನ್ನುತ್ತೇನೆ. ಆಗ ಐಸಿಯು ಆವೃತ್ತಿ ಒಂದೇ ಇದ್ದರೆ ಯಾವ ಯಂತ್ರದಲ್ಲಿ ಓಡಿದರೂ ಫಲಿತಾಂಶ ಒಂದೇ, ಯಾಕೆಂದರೆ ಅದು ಸಿಸ್ಟಮ್‌ನ ಲೊಕೇಲ್‌ಅನ್ನು ಕೇಳುವುದೇ ಇಲ್ಲ. ತನ್ನ ಜೊತೆಗೇ ಇರುವ ಸಿಎಲ್‌ಡಿಆರ್ (ಭಾಷೆಗಳ ಲೊಕೇಲ್ ಮಾಹಿತಿಯ ಸಂಗ್ರಹ) ಡೇಟಾ ನೋಡುತ್ತದೆ. ಬೆಳೆಗಾರರ ಪಟ್ಟಿಯನ್ನು ಮನೆತನದ ಹೆಸರಿನ ಪ್ರಕಾರ ಜೋಡಿಸುವಾಗ ಇದರ ಬೆಲೆ ತಿಳಿಯುತ್ತದೆ. ‘ಸೋಮವಾರಪೇಟೆ’ಯ ‘ಸೋ’ದಲ್ಲಿರುವ ಓ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎರಡು ಬಿಡಿ ಚಿಹ್ನೆಗಳಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ. ಬೈಟ್ ನೋಡಿ ಹೋಲಿಸುವ ಪ್ರೋಗ್ರಾಮಿಗೆ ಎರಡು ಬೇರೆ ಊರು. ಐಸಿಯು ಎರಡನ್ನೂ ಒಂದೇ ಎಂದು ತಿಳಿಯುತ್ತದೆ. ‘ವಿರಾಜ್‌ಪೇಟೆ’ ಎಂದು ಬರೆಯುವಾಗ ನಡುವೆ ನುಸುಳುವ ಕಾಣದ ಜೋಡಣೆ-ತಡೆ ಅಕ್ಷರವನ್ನೂ ಅಕಾರಾದಿಯಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದರ ಖರ್ಚು ಹೇಳದಿದ್ದರೆ ತಪ್ಪಾಗುತ್ತದೆ. ಪೂರ್ತಿ ಐಸಿಯು ಡೇಟಾ ಸುಮಾರು 30 ಎಂಬಿ ಆಗುತ್ತದೆ. ಕಾಡಂಚಿನ ತೋಟದಲ್ಲಿ ನೆಟ್‌ವರ್ಕ್ ಒಂದು ಕಡ್ಡಿ ಇದ್ದರೆ ಹೆಚ್ಚು, ಅಲ್ಲಿಗೆ ಅಷ್ಟು ದೊಡ್ಡ ಡೌನ್‌ಲೋಡ್ ಕೊಡುವುದು ಸರಿಯಲ್ಲ. ಆದರೆ ಆಂಡ್ರಾಯ್ಡ್, ಐಫೋನ್, ಬ್ರೌಸರ್ ಎಲ್ಲದರಲ್ಲೂ ಅದು ಒಳಗೇ ಇದೆ. ವಿಂಡೋಸ್ 10ರಲ್ಲಿ 2017ರಿಂದ ಸಿಸ್ಟಮ್ ಜೊತೆಯೇ ಬರುತ್ತದೆ. ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ 13ನೇ ಆವೃತ್ತಿಯಿಂದ ಎಲ್ಲ ಭಾಷೆಗಳೂ ಸೇರಿವೆ. ಪ್ರತ್ಯೇಕ ಹಾಕಬೇಕಾದ ಕಡೆ ಬೇಕಾದ ಭಾಷೆಗಳನ್ನಷ್ಟೇ ಉಳಿಸಿ ಡೇಟಾವನ್ನು ಕತ್ತರಿಸಿಕೊಳ್ಳಬಹುದು.

ಡೇಟಾಬೇಸಿನ ಅಕಾರಾದಿಯ ಬಗ್ಗೆ ಒಂದು ಎಚ್ಚರಿಕೆ. 2018ರಲ್ಲಿ ಗ್ಲಿಬ್‌ಸಿ 2.28 ಬಂದಾಗ ಹಲವು ಭಾಷೆಗಳ ಜೋಡಣೆ ಕ್ರಮ ಬದಲಾಯಿತು. ಹೆಸರು ಅದೇ, ಅರ್ಥ ಬೇರೆ. ಹಳೆ ಕ್ರಮದಲ್ಲಿ ಕಟ್ಟಿದ್ದ ಪೋಸ್ಟ್‌ಗ್ರೆಸ್ ಇಂಡೆಕ್ಸುಗಳನ್ನು ಮತ್ತೆ ಕಟ್ಟಬೇಕಾಯಿತು. ಪೋಸ್ಟ್‌ಗ್ರೆಸ್ 10ರಿಂದ ಐಸಿಯು ಕ್ರಮವನ್ನು ಬಳಸಬಹುದು, ‘ಕೆಎನ್-ಎಕ್ಸ್-ಐಸಿಯು’ ಎಂಬ ಹೆಸರಿನಲ್ಲಿ. ಈ ಹೆಸರು ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಒಂದೇ. ಐಸಿಯು ಆವೃತ್ತಿ ಬದಲಾದಾಗ ಕ್ರಮ ಬದಲಾಗಬಹುದು, ಆದರೆ ಪೋಸ್ಟ್‌ಗ್ರೆಸ್ ಆವೃತ್ತಿಯನ್ನು ನೆನಪಿಟ್ಟು ಎಚ್ಚರಿಸುತ್ತದೆ.

ಯಾವ ದಾರಿ ಹಿಡಿದರೂ ಕಾಡುವ ಕೆಲವು ಗುಂಡಿಗಳು

ಮಡಿಕೇರಿಯ ಗಾಡಿಗೆ ಕೆಎ-12 ಎಂದಿರುತ್ತದೆ. ಅದನ್ನು ನೋಡಿ ರೂಢಿಯಾದವರು ಕನ್ನಡಕ್ಕೂ ‘ಕೆಎ’ ಎಂದು ಬರೆದುಬಿಡುತ್ತಾರೆ. ಭಾಷೆಯ ಕೋಡ್‌ಗಳಲ್ಲಿ ‘ಕೆಎ’ ಎಂದರೆ ಜಾರ್ಜಿಯನ್. ಕನ್ನಡಕ್ಕೆ ‘ಕೆಎನ್’. ಹಾಗೆಯೇ ಆಂಡ್ರಾಯ್ಡ್‌ನಲ್ಲಿ ‘ವ್ಯಾಲ್ಯೂಸ್-ಐಎನ್’ ಎಂಬ ಫೋಲ್ಡರ್ ಭಾರತಕ್ಕಲ್ಲ, ಇಂಡೋನೇಷ್ಯನ್ ಭಾಷೆಗೆ. ಅದು ಆ ಭಾಷೆಯ ಹಳೆಯ ಕೋಡ್.

ಮ್ಯಾಕ್‌ನಿಂದ ಲಿನಕ್ಸ್ ಸರ್ವರಿಗೆ ಎಸ್‌ಎಸ್‌ಎಚ್ ಮಾಡಿದಾಗ (ದೂರದಿಂದ ಲಾಗಿನ್ ಆದಾಗ) ‘ಲೊಕೇಲ್ ಬದಲಿಸಲಾಗಲಿಲ್ಲ’ ಎಂಬ ಸಾಲು ಬಂದರೆ ಸರ್ವರನ್ನು ಬೈಯಬೇಡಿ. ಮ್ಯಾಕ್‌ನ ಟರ್ಮಿನಲ್ ಕೆಲವು ಸಲ ಎಲ್‌ಸಿ_ಸಿಟೈಪ್ ಎಂಬ ಲೊಕೇಲ್ ಸೆಟ್ಟಿಂಗಿಗೆ ಬರೀ ‘ಯುಟಿಎಫ್-8’ ಎಂದು ಹಾಕುತ್ತದೆ, ಎಸ್‌ಎಸ್‌ಎಚ್ ಅದನ್ನು ಸರ್ವರಿಗೂ ದಾಟಿಸುತ್ತದೆ. ಲಿನಕ್ಸ್‌ಗೆ ಆ ಹೆಸರು ಗೊತ್ತಿಲ್ಲ. ಮ್ಯಾಕ್‌ನ ಎಸ್‌ಎಸ್‌ಎಚ್ ಸೆಟ್ಟಿಂಗಿನಲ್ಲಿ ಲೊಕೇಲ್ ಕಳಿಸುವ ಸಾಲನ್ನು ತೆಗೆದರೆ ಮುಗಿಯಿತು.

ಇನ್ನು, ಸಿಸ್ಟಮ್ ಹೇಳಿದ ಭಾಷೆಯೇ ಬಳಕೆದಾರರ ಭಾಷೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಫೋನ್ ಇಂಗ್ಲಿಷಿನಲ್ಲಿಟ್ಟು ಕನ್ನಡ ಓದುವವರು ಬಹಳ. ಆ್ಯಪ್‌ನಲ್ಲೇ ಭಾಷೆ ಆರಿಸುವ ಜಾಗ ಕೊಡಿ. ಆಂಡ್ರಾಯ್ಡ್ 13ರಿಂದ ಪ್ರತಿ ಆ್ಯಪ್‌ಗೂ ಬೇರೆ ಭಾಷೆ ಇಡುವ ಸೌಲಭ್ಯವೂ ಇದೆ. ಆರಿಸಿದ್ದನ್ನು ಟ್ಯಾಗ್ ಆಗಿ ಉಳಿಸಿ, ಆಮೇಲೆ ಸಿಸ್ಟಮ್‌ಅನ್ನು ಕೇಳಬೇಡಿ.

ಕೊಡವ ತಕ್ಕ್ ಸೇರಿಸುವುದಿದ್ದರೆ

ಕೊಡಗಿಗೆ ಬರೆಯುವ ಆ್ಯಪ್‌ನಲ್ಲಿ ಕೊಡವ ತಕ್ಕ್ ಇರಬೇಕು ಎಂದು ನನಗೆ ನಿಜವಾಗಿ ಅನಿಸುತ್ತದೆ. ಆಯ್ಕೆಗಳ ಗಟ್ಟಿತನ ಗೊತ್ತಾಗುವುದೂ ಇಲ್ಲೇ. ಇದಕ್ಕೆ ಎರಡಕ್ಷರದ ಕೋಡ್ ಇಲ್ಲ, ಮೂರಕ್ಷರದ್ದು: ‘ಕೆಎಫ್‌ಎ’. ತುಳುವಿಗೂ ಹಾಗೇ, ‘ಟಿಸಿವೈ’. ಭಾಷೆಗೆ ಎರಡೇ ಅಕ್ಷರ ಎಂದುಕೊಂಡು ಮೊದಲ ಎರಡನ್ನು ಕತ್ತರಿಸುವ ಕೋಡ್ ಇಲ್ಲಿ ಮುರಿಯುತ್ತದೆ. ವಿಂಡೋಸ್ ನಂಬರ್ ಹಿಡಿದವರಿಗೆ ಕೊಡವಕ್ಕೆ ನಂಬರೇ ಸಿಗುವುದಿಲ್ಲ, ಆ 4096 ಒಂದೇ. ಲಿನಕ್ಸ್ ಲೊಕೇಲ್ ಬೇಕೆಂದರೆ ವ್ಯಾಖ್ಯಾನದ ಫೈಲ್ ನೀವೇ ಬರೆದು ‘ಲೊಕೇಲ್‌ಡೆಫ್’ನಿಂದ ಕಟ್ಟಿ ಪ್ರತಿ ಯಂತ್ರಕ್ಕೂ ಹಾಕಬೇಕು. ಬಿಸಿಪಿ 47 ದಾರಿಯಲ್ಲಿ ಮಾತ್ರ ‘ಕೆಎಫ್‌ಎ-ಕೆಎನ್‌ಡಿಎ-ಐಎನ್’ ಎಂದು ಇವತ್ತೇ ಬರೆಯಬಹುದು: ಕೊಡವ ಭಾಷೆ, ಕನ್ನಡ ಲಿಪಿ, ಭಾರತ. ವಿಂಡೋಸ್ 10 ಸಹ ನಿಯಮದಂತೆ ಬರೆದ ಯಾವ ಟ್ಯಾಗನ್ನೂ ತಳ್ಳಿಹಾಕುವುದಿಲ್ಲ.

ಇಲ್ಲಿ ನೀವು ಕೈಯಾರೆ ಮಾಡಲೇಬೇಕಾದ ಕೆಲಸ ಒಂದಿದೆ. ಅನುವಾದ ಹುಡುಕುವ ಲೈಬ್ರರಿ ಟ್ಯಾಗ್‌ಅನ್ನು ಹಿಂದಿನಿಂದ ಒಂದೊಂದೇ ತುಂಡು ಕತ್ತರಿಸುತ್ತಾ ಹೋಗುತ್ತದೆ. ಮೊದಲು ದೇಶ, ಆಮೇಲೆ ಲಿಪಿ, ಕೊನೆಗೆ ಬರೀ ‘ಕೆಎಫ್‌ಎ’. ಅಲ್ಲೂ ಸಿಗದಿದ್ದರೆ ನೇರ ಡೀಫಾಲ್ಟ್‌ಗೆ, ಅಂದರೆ ಬಹುತೇಕ ಇಂಗ್ಲಿಷಿಗೆ ಜಿಗಿಯುತ್ತದೆ. ಕೊಡವ ಓದುವವರಿಗೆ ಕನ್ನಡ ಬರುತ್ತದೆ ಎಂದು ಅದಕ್ಕೆ ಗೊತ್ತಿಲ್ಲ, ನೀವು ಹೇಳಬೇಕು. ಫಾಲ್‌ಬ್ಯಾಕ್ (ಒಂದು ಸಿಗದಿದ್ದರೆ ಮುಂದೆ ಯಾವುದು ಎಂಬ) ಪಟ್ಟಿಯಲ್ಲಿ ‘ಕೆಎಫ್‌ಎ’ ಆದಮೇಲೆ ‘ಕೆಎನ್’, ಅದಾದಮೇಲೆ ‘ಇಎನ್-ಐಎನ್’ ಎಂದು ಬರೆಯಿರಿ. ಅಂಕಿ ಮತ್ತು ದಿನಾಂಕಕ್ಕೆ ನೇರವಾಗಿ ‘ಕೆಎನ್-ಐಎನ್’ ಕೊಡಿ. ಆಗ ಅನುವಾದ ಇನ್ನೂ ಮುಗಿಯದ ಪುಟದಲ್ಲಿ ಒಂದು ಸಾಲು ಕೊಡವದಲ್ಲಿ, ಮುಂದಿನದು ಕನ್ನಡದಲ್ಲಿ ಕಾಣಬಹುದು. ಎರಡನ್ನೂ ಓದಬಹುದು, ಬಿಲ್ಲಿನ ಮೊತ್ತದಲ್ಲೂ ಕಾಮಾ ಇರುತ್ತದೆ.